ಫೋಟೋಗೆ ಸಿಗದ ಬಲ

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಲ್ಲಿ, ಅತ್ತ ನಾಗರಭಾವಿಯಲ್ಲಿ, ಮಹಡಿ ಮೇಲೆ ಯೋಗ ಕಲಿಸುವವರಿಗೆ ಬರವಿಲ್ಲ. ಕಷ್ಟದ ಆಸನಗಳ ಮಾತು ಬಂದರೆ ಸಾಕು, ಬಿ.ಕೆ.ಎಸ್. ಅಯ್ಯಂಗಾರರ 'ಲೈಟ್ ಆನ್ ಯೋಗ' ಹೊರಬರುತ್ತದೆ. 1966ರ ಆ ಗ್ರಂಥದ ಬಗ್ಗೆ ನನಗೂ ಗೌರವವಿದೆ. ಆದರೆ ತೋಳಿನ ಮೇಲೆ ಮೈ ಹೊರುವ ಬಲ ಬರುವುದೆಲ್ಲಿಂದ ಎಂಬ ಪ್ರಶ್ನೆಗೆ ಅದರ ಆರುನೂರರಷ್ಟು ಫೋಟೋಗಳಲ್ಲಿ ಉತ್ತರ ಸಿಗುವುದು ಕಷ್ಟ. ಬಹುಪಾಲು ಅವು ತೋರಿಸುವುದು ತಲುಪಿ ನಿಂತ ಸ್ಥಿತಿಯನ್ನು. ಕೊನೆಯಲ್ಲಿ 300 ವಾರಗಳ ಪಾಠಕ್ರಮವಿದೆ, ನಿಜ. ಅದನ್ನು ಓದುವವರು ಯಾರು? ಫೋಟೋ ನೋಡಿ ಗೋಡೆಗೆ ಕಾಲೆಸೆಯುವವರೇ ಹೆಚ್ಚು.

ಉತ್ತರವಿರುವ ಪುಸ್ತಕ ಕನ್ನಡದ್ದೇ. ಕೆ. ಪಟ್ಟಾಭಿ ಜೋಯಿಸರ 'ಯೋಗ ಮಾಲಾ' ಅಚ್ಚಾದದ್ದು 1962ರಲ್ಲಿ. ಇಂಗ್ಲಿಷಿಗೆ ಹೋದದ್ದು 1999ರಲ್ಲಿ. ಅವರ ಅಷ್ಟಾಂಗ ಯೋಗ ಕಲಿಯಲು ಮೈಸೂರಿನ ಗೋಕುಲಂ ಬಡಾವಣೆಗೆ ಬರುವ ವಿದೇಶಿಯರಿಗೆ ಇದು ಕೈಪಿಡಿ, ನಮಗೆ ಹೆಸರೂ ಗೊತ್ತಿಲ್ಲ.

ಪಶ್ಚಿಮೋತ್ತಾನಾಸನವನ್ನೇ ನೋಡಿ. ಜೋಯಿಸರ ಲೆಕ್ಕದಲ್ಲಿ ಅದಕ್ಕೆ 16 ವಿನ್ಯಾಸ, ಅಂದರೆ ಉಸಿರಿಗೆ ಹೊಂದಿಸಿದ ಚಲನೆ; ಆಸನದ ಸ್ಥಿತಿ ಬರುವುದು 9ರಲ್ಲಿ. ಮಿಕ್ಕದ್ದೆಲ್ಲ ಹೋಗಿಬರುವ ದಾರಿ. ನಾಲ್ಕರಲ್ಲಿ ಹಿಂದಕ್ಕೆ ಹಾರಿ ಚತುರಂಗ: ಮೊಣಕೈ ಪಕ್ಕೆಗೆ ಹತ್ತಿ, ಎದೆ ನೆಲ ಮುಟ್ಟದೆ ನಿಲ್ಲಬೇಕು. ಏಳರಲ್ಲಿ ಉಸಿರೆಳೆಯುತ್ತ ಎರಡು ತೋಳಿನ ನಡುವೆ ಕಾಲು ತೂರಿಸಿ ಕೂರಬೇಕು. ಇಲ್ಲೇ ಪಾದ ನೆಲಕ್ಕೆ ತಗಲುತ್ತದೆ, ಕಲಿಯುವವರು ಕೈಯಲ್ಲಿ ಕಸುವಿಲ್ಲ ಎಂದು ಬೈದುಕೊಳ್ಳುತ್ತಾರೆ. ದೋಷ ಹೆಚ್ಚಾಗಿ ಬೇರೆಡೆ. ಕಿಬ್ಬೊಟ್ಟೆ ಸಡಿಲಾಗಿ ಸೊಂಟ ಮೇಲೇಳುವುದಿಲ್ಲ. ಹೆಗಲು ಕಿವಿಯತ್ತ ಸರಿದು ಬೆನ್ನಿನ ಮೇಲ್ಭಾಗ ಕುಸಿಯುತ್ತದೆ. ಭಾರವೆಲ್ಲ ಅಂಗೈ ಬುಡಕ್ಕೆ ಬಿದ್ದು ಮಣಿಕಟ್ಟು ನೋಯುತ್ತದೆ. ಬೆರಳಬುಡದಿಂದ ನೆಲವನ್ನೊತ್ತಿ, ಬೆನ್ನುಬ್ಬಿಸಿ, ಶ್ರೋಣಿಯ ತಳ ಬಿಗಿಸುವ ಮೂಲಬಂಧ ಹಿಡಿದು, ತೊಡೆಯನ್ನು ಹೊಟ್ಟೆಗೆ ಸೆಳೆದರೆ ಸೊಂಟ ಏಳುತ್ತದೆ. ಬಕಾಸನಕ್ಕೂ ಬೇಕಾದದ್ದು ಇಷ್ಟೇ. ಒಂದೊಂದು ಕೂತ ಆಸನದ ನಡುವೆಯೂ ಇದನ್ನೇ ಮಾಡುತ್ತ ಬಂದವನು ಮುಂದೆ ಮಂಡಿಯನ್ನು ತೋಳಿನ ಮೇಲಿಟ್ಟಾಗ ಹೊಸದಾಗಿ ಕಲಿಯಬೇಕಾದದ್ದೆಂದರೆ ಮೂತಿ ಒಡೆದೀತೆಂಬ ಭಯ ಬಿಡುವುದು.

ವಿದ್ವಾಂಸರಿಗೆ ಈ ಏಳನೆಯ ವಿನ್ಯಾಸ ಬೇಕಿಲ್ಲ. ಅವರಿಗೆ ಬೇಕಾದದ್ದು ಈ ಪದ್ಧತಿಯ ವಂಶಾವಳಿ. ನಾರ್ಮನ್ ಸ್ಯೋಮನ್ 1996ರಲ್ಲಿ ಮೈಸೂರು ಅರಮನೆಯ ವ್ಯಾಯಾಮಶಾಲೆಯತ್ತ ಬೆರಳು ಮಾಡಿದರು. 2010ರಲ್ಲಿ ಮಾರ್ಕ್ ಸಿಂಗಲ್ಟನ್ 'ಯೋಗ ಬಾಡಿ'ಯಲ್ಲಿ ಆ ವಾದವನ್ನು ದೊಡ್ಡದು ಮಾಡಿದರು. ಇತ್ತ ಜೋಯಿಸರ ಶಿಷ್ಯಬಳಗ 'ಯೋಗ ಕುರುಂಟ' ಎಂಬ, ಯಾರೂ ಕಾಣದ ಹಳೆಯ ಗ್ರಂಥವನ್ನು ಗುರಾಣಿ ಹಿಡಿಯಿತು. ಎರಡೂ ಕಡೆಯವರಿಗೆ ಗರಡಿಯ ನಂಟು ಒಂದು ಆರೋಪ. ಯಾಕೆ? ಗರಡಿಯಲ್ಲಿ ದಂಡ ಹೊಡೆದ ತೋಳನ್ನೂ ಚತುರಂಗದಲ್ಲಿ ಇಳಿದ ತೋಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಾಚಿಕೆಪಡುವಂಥದ್ದೇನೂ ಕಾಣುವುದಿಲ್ಲ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದ್ದು ಹುಡುಗರಿಗೆ. ಹುಡುಗರಿಗೆ ಹಾರಾಟ ಬೇಕು. ಜೋಯಿಸರೂ ಅಯ್ಯಂಗಾರರೂ ಆ ಗುರುವಿನ ಶಿಷ್ಯರೇ. ಒಬ್ಬರು ಹಾರಾಟ ಉಳಿಸಿಕೊಂಡರು, ಇನ್ನೊಬ್ಬರು ನಿಲುಗಡೆಯನ್ನು ತಿದ್ದಿದರು. ಮೂಲ ಯಾವುದೆಂದು ಕಾದಾಡುವ ಪಂಡಿತರು ಒಮ್ಮೆ ಕೈಯೂರಿ ಸೊಂಟ ಎತ್ತಿ ನೋಡಲಿ, ಮಿಕ್ಕದ್ದು ಆಮೇಲೆ ಮಾತಾಡೋಣ.

'ಯೋಗ ಮಾಲಾ'ದಲ್ಲೂ ಕೊರತೆಗಳಿವೆ. ರೋಗ ವಾಸಿಯಾಗುವ ಮಾತು ಅತಿಯಾಯಿತು. ಮಂಡಿ ಸವೆದವರು ಹಾರಲಾಗದಿದ್ದರೆ ಏನು ಮಾಡಬೇಕೆಂಬ ಗೋಜಿಗೇ ಪುಸ್ತಕ ಹೋಗುವುದಿಲ್ಲ. ಅಯ್ಯಂಗಾರರ ಹಗ್ಗ, ಇಟ್ಟಿಗೆ, ಕುರ್ಚಿಗಳು ಅಂಥವರಿಗೆ ವರವೇ.

ಇಷ್ಟಿದ್ದೂ ಕ್ರಮದ ವಿಷಯದಲ್ಲಿ ಜೋಯಿಸರದ್ದೇ ಮೇಲುಗೈ. ಅವರಲ್ಲಿ ಶೀರ್ಷಾಸನ ಬರುವುದು ಕೊನೆಕೊನೆಗೆ, ಸರ್ವಾಂಗಾಸನ ಹಲಾಸನಗಳೂ ಮುಗಿದ ಮೇಲೆ. ಭಾರ ಹೊರಬೇಕಾದದ್ದು ತೋಳು, ತಲೆಯಲ್ಲ. ನಮ್ಮ ಬಡಾವಣೆಯಲ್ಲಿ ಮೊದಲ ತಿಂಗಳ ಫೀ ಕಟ್ಟಿದವರಿಗೇ ಶೀರ್ಷಾಸನ ಸಿಕ್ಕಿಬಿಡುತ್ತದೆ.