ಟ್ಯೂಬ್‌ಲೈಟಿನ ಮೇಲಿನ ಹೆಸರು

ನಮ್ಮೂರ ಗಣಪತಿ ದೇವಸ್ಥಾನದ ಹೆಬ್ಬಾಗಿಲಲ್ಲಿ ಒಂದು ಟ್ಯೂಬ್‌ಲೈಟಿತ್ತು. ಅದರ ಉದ್ದಕ್ಕೂ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು, ಅವರ ತಂದೆಯ ಹೆಸರು, ಜವಳಿ ಅಂಗಡಿಯ ಹೆಸರು ಎಲ್ಲವನ್ನೂ ಬರೆಸಿದ್ದರಿಂದ ಬೆಳಕು ಹೊರಗೆ ಬರುವುದಕ್ಕೇ ಜಾಗವಿರಲಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗಳು ಅಮೆರಿಕದಿಂದ ಬಂದಾಗ ಒಂದು ಸಿ.ಡಿ. ತಂದುಕೊಟ್ಟಳು. ಅದರ ಜೊತೆಗಿದ್ದ ಪುಟ್ಟ ಪುಸ್ತಕ ಬಿಡಿಸಿದರೆ ಅಲ್ಲೂ ಹೆಸರುಗಳ ಸಾಲು! ಈ ಧ್ವನಿಮುದ್ರಣಕ್ಕೆ ನೆರವಾದವರು ಇವರು ಎಂಬ ಒಕ್ಕಣೆ. ನನಗೆ ಮೊದಲು ನೆನಪಾದದ್ದು ಆ ಟ್ಯೂಬ್‌ಲೈಟು.

"ಏನೇ ಇದು, ನಿಮ್ಮ ಅಮೆರಿಕದಲ್ಲೂ ಚಂದಾ ಎತ್ತುತ್ತಾರೇನೆ?" ಅಂದೆ.

"ಎತ್ತುತ್ತಾರೆ ಚಿಕ್ಕಮ್ಮ. ಆದರೆ ಮನೆ ಬಾಗಿಲಿಗೆ ಬರುವುದಿಲ್ಲ, ಅಷ್ಟೆ" ಅಂದಳು.

ಆ ಸಿ.ಡಿ. ಮರಿಯಾ ಶ್ನೈಡರ್ ಎಂಬ ಹೆಂಗಸಿನದು. ಹೆಸರು 'ಕನ್ಸರ್ಟ್ ಇನ್ ದ ಗಾರ್ಡನ್'. ತೋಟದಲ್ಲೊಂದು ಕಚೇರಿ ಎನ್ನೋಣ. ಮಿನೆಸೋಟಾ ಪ್ರಾಂತ್ಯದ ವಿಂಡಮ್ ಎಂಬ ಸಣ್ಣ ಊರಿನಲ್ಲಿ 1960ರಲ್ಲಿ ಹುಟ್ಟಿದಾಕೆ. ನ್ಯೂಯಾರ್ಕಿಗೆ ಬಂದು ಗಿಲ್ ಇವಾನ್ಸ್ ಎಂಬ ದೊಡ್ಡ ಸಂಗೀತಗಾರನ ಬಳಿ ಸಹಾಯಕಿಯಾಗಿದ್ದು, ಮುಂದೆ ತನ್ನದೇ ಜಾಜ್ ವಾದ್ಯವೃಂದ ಕಟ್ಟಿದರು. ಈಕೆ ಹಾಡುವವರಲ್ಲ, ಸ್ವರ ಬರೆದು ಕೊಟ್ಟು ಮುಂದೆ ನಿಂತು ನಡೆಸುವವರು. ಹತ್ತು ಹದಿನೆಂಟು ಜನರ ತಂಡವೆಂದರೆ ಹುಡುಗಾಟವೇ? ಅಭ್ಯಾಸಕ್ಕೆ ಜಾಗ, ಸ್ಟುಡಿಯೋ ಬಾಡಿಗೆ, ಪ್ರತಿಯೊಬ್ಬನ ಕೂಲಿ! ಮೊದಲ ಮೂರು ಆಲ್ಬಂ ಜರ್ಮನಿಯ ಎನ್ಯಾ ಎಂಬ ಕಂಪೆನಿಯ ಮೂಲಕ ಬಂದವು. ನಾಲ್ಕನೆಯದಕ್ಕೆ ಕಂಪೆನಿಯ ಗೊಡವೆಯನ್ನೇ ಬಿಟ್ಟು, 2003ರಲ್ಲಿ ಆರ್ಟಿಸ್ಟ್‌ಶೇರ್ ಎಂಬ ಅಂತರಜಾಲ ತಾಣದ ಮೂಲಕ ನೇರವಾಗಿ ಕೇಳುಗರನ್ನೇ ಕೇಳಿದರು.

ಲೆಕ್ಕ ಹೀಗಿತ್ತು. 9.95 ಡಾಲರ್ ಕೊಟ್ಟವರಿಗೆ ಆಲ್ಬಂ ಸಿದ್ಧವಾದ ಕೂಡಲೇ ಮೊದಲಿಗರಾಗಿ ಸಂಗೀತ ಇಳಿಸಿಕೊಳ್ಳುವ ಅವಕಾಶ. 250 ಡಾಲರ್ ಮತ್ತು ಮೇಲ್ಪಟ್ಟು ಕೊಟ್ಟವರ ಹೆಸರು ಪುಸ್ತಕದಲ್ಲಿ. 10,000 ಡಾಲರ್ ಕೊಟ್ಟ ಒಬ್ಬ ಪುಣ್ಯಾತ್ಮನಿಗೆ ಕಾರ್ಯನಿರ್ವಾಹಕ ನಿರ್ಮಾಪಕ ಎಂಬ ಬಿರುದು. ಒಟ್ಟು ಕೂಡಿದ್ದು ಸುಮಾರು 1,30,000 ಡಾಲರ್. ಅದರಲ್ಲೇ ವಾದಕರ ಸಂಭಾವನೆ, ಸ್ಟುಡಿಯೋ, ಪ್ರಚಾರ ಎಲ್ಲ ಆಯಿತು. 2004ರಲ್ಲಿ ಬಂದ ಆಲ್ಬಂ ಅಂಗಡಿಗೆ ಹೋಗಲೇ ಇಲ್ಲ, ಆ ತಾಣದಲ್ಲಿ ಮಾತ್ರ ಮಾರಾಟವಾಯಿತು. ಆದರೂ 2005ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅಂಗಡಿಯ ಮುಖವನ್ನೇ ಕಾಣದೆ ಆ ಪ್ರಶಸ್ತಿ ಗೆದ್ದ ಮೊದಲ ಆಲ್ಬಂ ಇದು.

ಇದರಲ್ಲಿ ಹೊಸತೇನಿದೆ ಎನ್ನಬಹುದು. ನಮ್ಮಲ್ಲಿ ಪುಸ್ತಕಗಳಿಗೆ ಪ್ರಕಟಣಪೂರ್ವ ರಿಯಾಯಿತಿ ಬೆಲೆ ಎಂದು ಮುಂಗಡ ಪಡೆಯುವುದು ಹಳೆಯ ರೂಢಿ. ಪವನ್ ಕುಮಾರ್ ಅವರ 'ಲೂಸಿಯಾ' ಸಿನಿಮಾ 2013ರಲ್ಲಿ ತೆರೆಗೆ ಬಂದದ್ದೂ ಪ್ರೇಕ್ಷಕರು ಕೂಡಿಸಿ ಕೊಟ್ಟ ಹಣದಿಂದಲೇ. ಆದರೆ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ದುಡ್ಡು ಕೊಟ್ಟವರು ಸುಮ್ಮನಿರುತ್ತಾರೆಯೆ? ಅವರ ಹೆಸರಿನ ಕೆಂಪು ಬಣ್ಣ ಸಂಗೀತದ ಮೇಲೂ ಬಿದ್ದಿರಬೇಕಲ್ಲವೆ? ಈ ಅನುಮಾನ ಇಟ್ಟುಕೊಂಡೇ ಕೇಳಲು ಕೂತೆ.

ಜಾಜ್ ನನಗೆ ಪರಿಚಯದ ಸಂಗೀತವಲ್ಲ. ನನ್ನ ಕಿವಿ ಆಕಾಶವಾಣಿ ಭದ್ರಾವತಿಯಲ್ಲಿ ಬೆಳೆದದ್ದು. ಮೊದಲ ಕೃತಿ, ಆಲ್ಬಮ್ಮಿಗೆ ಹೆಸರು ಕೊಟ್ಟದ್ದು, ಶುರುವಾದಾಗ ಎಲ್ಲಿ ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ. ಆಗ ಅಕ್ಕನ ಮಗಳು ಒಂದು ಸಂಗತಿ ಹೇಳಿದಳು. ಇದಕ್ಕೆ ಪ್ರೇರಣೆ ಆಕ್ಟೇವಿಯೋ ಪಾಸ್ ಬರೆದ ಕವಿತೆ. ಪಾಸ್ 1962ರಿಂದ 1968ರವರೆಗೆ ದಿಲ್ಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದವರು. ಆ ಕವಿತೆಯ ಶೀರ್ಷಿಕೆಯ ಕೆಳಗೆ ಕಂಸದಲ್ಲಿ ಬರೆದಿರುವುದು 'ವೀಣೆ ಮತ್ತು ಮೃದಂಗ' ಎಂದು! ನಾನು ಕೂತಲ್ಲೇ ನೆಟ್ಟಗಾದೆ. ನಮ್ಮ ವೀಣೆ ಮೃದಂಗ ಕೇಳಿ ಒಬ್ಬ ಮೆಕ್ಸಿಕೋದವನು ಕವಿತೆ ಬರೆದ, ಅದನ್ನು ಓದಿ ನ್ಯೂಯಾರ್ಕಿನ ಹೆಂಗಸು ಸಂಗೀತ ಬರೆದಳು, ಅದು ಮಲೆನಾಡಿನ ನನ್ನ ಮನೆಯ ಜಗುಲಿಗೆ ಬಂತು.

ಹಾಗೆಂದು ಅದರೊಳಗೆ ವೀಣೆ ಹುಡುಕಬೇಡಿ, ಇಲ್ಲ. ಅಕಾರ್ಡಿಯನ್ ಇದೆ, ಗಿಟಾರ್ ಇದೆ. ನಾನು ಮೆಚ್ಚಿದ್ದು ಅದನ್ನೇ. ಭಾರತ ಎಂದ ಕೂಡಲೇ ಒಂದು ಸಿತಾರ್ ತಂದು ಕೂರಿಸಿಕೊಳ್ಳುವ ಚಪಲ ಆಕೆಗಿಲ್ಲ. ಹಿತ್ತಾಳೆಯ ವಾದ್ಯಗಳು ನಮ್ಮ ಮದುವೆಯ ಬ್ಯಾಂಡಿನ ಹಾಗೆ ಅರಚುವುದೂ ಇಲ್ಲ. ಮಂಜು ಕರಗಿ ಗುಡ್ಡ ಕಾಣಿಸಿಕೊಳ್ಳುವ ಹಾಗೆ ಮೆಲ್ಲಗೆ ಏಳುತ್ತವೆ. ನಡುವಿನ ಮೂರು 'ರೊಮಾನ್ಸ್'ಗಳಲ್ಲಿ ಬ್ರೆಜಿಲ್ಲಿನ ಶೋರೋ ಲಯದ್ದು ಚೆನ್ನಾಗಿದೆ. ಎರಡನೆಯದು ನನಗೆ ಸ್ವಲ್ಪ ಎಳೆದಂತಾಯಿತು, ಒಪ್ಪದವರು ಒಪ್ಪದಿರಲಿ. ಕೊನೆಯದು ಹದಿನೆಂಟು ನಿಮಿಷ ದಾಟುತ್ತದೆ. ಸ್ಪೇನಿನ ಫ್ಲಮೆಂಕೋ ನೃತ್ಯದ ಬುಲೇರಿಯಾ, ಸೊಲೆಯಾ ಎಂಬ ಹನ್ನೆರಡು ಮಾತ್ರೆಯ ಆವರ್ತಗಳ ಮೇಲೆ ಕಟ್ಟಿದ್ದು. ಅದರಲ್ಲಿ ಡಾನಿ ಮೆಕ್ಯಾಸ್ಲಿನ್ ಎಂಬಾತ ಸ್ಯಾಕ್ಸೊಫೋನಿನಲ್ಲಿ ಬಹಳ ಹೊತ್ತು ಒಬ್ಬನೇ ನುಡಿಸುತ್ತಾನೆ. ಲುಸಿಯಾನಾ ಸೋಸಾ ಮಾತಿಲ್ಲದ ದನಿಯನ್ನು ವಾದ್ಯಗಳ ನಡುವೆ ಸೇರಿಸುತ್ತಾಳೆ. ಮಾರಾಟದ ಚಿಂತೆ ಇರುವ ಯಾವ ಕಂಪೆನಿಯವನೂ ಇದನ್ನು ಇಷ್ಟು ಉದ್ದ ಬಿಡುತ್ತಿದ್ದನೇ ಎಂದು ನನಗೆ ಸಂಶಯ. ಕೆಂಪು ಬಣ್ಣ ಎಲ್ಲೂ ಕಾಣಿಸಲಿಲ್ಲ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಅಂಥ ಬಣ್ಣ ಬಳಿದು ಅನುಭವವಿದೆ ನನಗೆ.

1998ರಲ್ಲಿ, ನಾನು ಶಾಲೆಗೆ ಸೇರಿದ ಹೊಸತು. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಹಸೆ ಹಾಡಿನ ಕ್ಯಾಸೆಟ್ ತರಬೇಕೆಂದು ಹೊರಟೆವು. ಹಾಡುಗಳೆಲ್ಲ ನನ್ನ ಅತ್ತೆಯ ತಂಗಿಯವು. ನಾವು ಚಿಕ್ಕತ್ತೆ ಎನ್ನುತ್ತಿದ್ದೆವು. ಅವರಿಗೆ ಓದು ಬರಹ ಬಾರದು, ಹಾಡು ಮಾತ್ರ ಎಣಿಸಿದಷ್ಟೂ ಇದ್ದವು. 140 ಮನೆ ತಿರುಗಿ, ಮನೆಗೆ 50 ರೂಪಾಯಿಯಂತೆ ಎತ್ತಿದೆವು. ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಮೇಷ್ಟ್ರಮ್ಮ ಎಂದು ನನ್ನದು. ಆದರೂ ಸಾಲಲಿಲ್ಲ. ಆಗ ಊರಿನ ಒಬ್ಬ ಅನುಕೂಲಸ್ಥೆ 2,000 ರೂಪಾಯಿ ಒಂದೇ ಗಂಟಿನಲ್ಲಿ ಕೊಟ್ಟರು. ಕೊಡುವಾಗ ಏನೂ ಕೇಳಲಿಲ್ಲ. ಎಂಟು ದಿನ ಬಿಟ್ಟು, "ನಮ್ಮ ಸೊಸೆ ಎರಡು ಭಾವಗೀತೆ ಚೆನ್ನಾಗಿ ಹೇಳ್ತಾಳೆ, ಮೊದಲಿಗೆ ಹಾಕ್ಕೊಳ್ಳಿ" ಅಂದರು. ಹಸೆ ಹಾಡಿಗೂ ಭಾವಗೀತೆಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ನನಗಂತೂ ಇರಲಿಲ್ಲ.

ಸ್ಟುಡಿಯೋದಲ್ಲಿ ಸೊಸೆಯ ಹಾಡಿಗೆ ಕೀಬೋರ್ಡು, ತಬಲಾ ಎಂದು ಹೊತ್ತು ಹೋಯಿತು. ಚಿಕ್ಕತ್ತೆ ಬೆಳಗಿನಿಂದ ಮೂಲೆಯ ಬೆಂಚಿನ ಮೇಲೆ ಕೂತಿದ್ದರು. ಅವರ ಸರದಿ ಬಂದಾಗ ಸಂಜೆ. ಎರಡನೆಯ ಬದಿಯ ಕೊನೆಗೆ ಅವರು ಶುರು ಮಾಡಿದ ಹೆಣ್ಣು ಒಪ್ಪಿಸುವ ಹಾಡು ಅರ್ಧಕ್ಕೆ ಬರುವಾಗ ಟೇಪು ಮುಗಿಯಿತು. "ಇಷ್ಟು ಸಾಕು ಬಿಡಿ ಅಮ್ಮಾ" ಅಂದ ಸ್ಟುಡಿಯೋದವನು. ಅವನಿಗೆ ಕೊಟ್ಟೆವು, ತಬಲಾದವನಿಗೆ ಕೊಟ್ಟೆವು, ಕೀಬೋರ್ಡಿನವನಿಗೆ ಕೊಟ್ಟೆವು. ಚಿಕ್ಕತ್ತೆಗೆ ಒಂದು ರವಿಕೆ ಕಣ, ಎರಡು ಬಾಳೆಹಣ್ಣು. ನಮ್ಮವರೇ ಅಲ್ಲವೇ ಎಂದು.

ಅದಕ್ಕೇ ಶ್ನೈಡರ್ ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಆಕೆ ದುಡ್ಡು ಕೊಟ್ಟವರಿಗೆ ಕೆಲಸ ನೋಡುವ ಹಕ್ಕು ಕೊಟ್ಟರು. ಸ್ವರ ಬರೆದು ಹೊಡೆದುಹಾಕಿದ ಹಾಳೆ, ಅಭ್ಯಾಸ, ತಮ್ಮ ಗೊಂದಲ ಎಲ್ಲವನ್ನೂ ತಾಣದಲ್ಲಿ ತೆರೆದಿಟ್ಟರು. ಕೈಯಾಡಿಸುವ ಹಕ್ಕು ಕೊಡಲಿಲ್ಲ. ಅಡುಗೆಮನೆಯ ಹೊಸ್ತಿಲವರೆಗೆ ಬಂದು ನೋಡಿ, ಒಗ್ಗರಣೆ ಸೌಟು ಮಾತ್ರ ಮುಟ್ಟಬೇಡಿ ಅಂದ ಹಾಗೆ. ಮೊದಲೇ ಏನು ಸಿಗುತ್ತದೆಂದು ಸ್ಪಷ್ಟವಾಗಿ ಹೇಳಿದ್ದರಿಂದ ಆಮೇಲೆ ಸೊಸೆಯ ಭಾವಗೀತೆಗೆ ಜಾಗವಿರಲಿಲ್ಲ. ಜೊತೆಗೆ ನುಡಿಸಿದವರಿಗೆ ದುಡ್ಡು ಕೊಟ್ಟರು. ಇದು ಸಣ್ಣ ಮಾತಲ್ಲ. 2012ರಲ್ಲಿ ಅಮಂಡಾ ಪಾಮರ್ ಎಂಬ ಗಾಯಕಿ ಕಿಕ್‌ಸ್ಟಾರ್ಟರ್ ತಾಣದಲ್ಲಿ ಒಂದು ಲಕ್ಷ ಡಾಲರ್ ಕೇಳಿದರೆ ಸುಮಾರು 25 ಸಾವಿರ ಜನ ಸೇರಿ ಹತ್ತಿರ ಹತ್ತಿರ 12 ಲಕ್ಷ ಡಾಲರ್ ಕೊಟ್ಟರು. ಆಮೇಲೆ ಆಕೆ ಊರೂರಿನ ಕಾರ್ಯಕ್ರಮಕ್ಕೆ ಅಲ್ಲಲ್ಲಿಯ ವಾದಕರನ್ನು ಬಿಯರು, ಅಪ್ಪುಗೆಯ ಮೇಲೆ ನುಡಿಸಲು ಕರೆದದ್ದಕ್ಕೆ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ದುಡ್ಡು ಕೊಡುತ್ತೇನೆಂದು ಒಪ್ಪಿಕೊಂಡರು. ಓದಿದಾಗ ಬೇರೆಯವರಂತೆ ನಗಲು ನನಗೆ ಆಗಲಿಲ್ಲ. ಬಾಳೆಹಣ್ಣಿಗೂ ಬಿಯರಿಗೂ ಎಷ್ಟು ದೂರ?

ಶ್ನೈಡರ್ ಕ್ರಮದಲ್ಲಿ ನನಗೆ ಹಿಡಿಸದ್ದೂ ಇದೆ. ಆ ಹತ್ತು ಸಾವಿರದ ಬಿರುದು ನಮ್ಮ ಟ್ಯೂಬ್‌ಲೈಟಿನ ಬುದ್ಧಿಯೇ, ಇಂಗ್ಲಿಷಿನಲ್ಲಿದೆ ಅಷ್ಟೆ. ಮತ್ತೆ, ಇಷ್ಟೆಲ್ಲ ತೆರೆದಿಡುತ್ತ ಕೂರುವುದೂ ಒಂದು ದುಡಿಮೆ. ಮಾತು ಬಾರದ, ಸಂಕೋಚದ ಕಲಾವಿದೆ ಏನು ಮಾಡಬೇಕು? ಚಿಕ್ಕತ್ತೆಯಂಥವರು ಯಾವ ತಾಣದಲ್ಲಿ ಕೂತು ಕೇಳಿಯಾರು? ಈಕೆಗೆ ಆಗಲೇ ಹೆಸರಿತ್ತು, ಕೇಳುಗರಿದ್ದರು. ಆ ದಾರಿಯನ್ನು ಬಿಡದೆ 2020ರಲ್ಲಿ 'ಡೇಟಾ ಲಾರ್ಡ್ಸ್' ತಂದರು, ಅದಕ್ಕೆ 2021ರಲ್ಲಿ ಎರಡು ಗ್ರ್ಯಾಮಿ ಬಂದವು. ತೋಟದ ಕಚೇರಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2020ರಲ್ಲಿ ಕಾಪಿಡಬೇಕಾದ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಅಕ್ಕನ ಮಗಳು ಹೊರಡುವ ಹಿಂದಿನ ದಿನ ಬೀರುವಿನಿಂದ ನಮ್ಮ ಕ್ಯಾಸೆಟ್ ತೆಗೆದು, ಹಳೆಯ ಟೇಪ್‌ರೆಕಾರ್ಡರಿನಲ್ಲಿ ಹಾಕಿದೆ. ಹೊದಿಕೆಯ ಮೇಲೆ ದಾನಿಗಳ ಹೆಸರು ಮೊತ್ತದ ಪ್ರಕಾರ ಅಚ್ಚಾಗಿದೆ. ಕೆಳಗೆ 'ಹಾಗೂ ಸಂಗಡಿಗರು' ಅನ್ನುವುದರಲ್ಲಿ ಚಿಕ್ಕತ್ತೆ ಇದ್ದಾರೆ. ದನಿ ಕಂಪಿಸುತ್ತಿತ್ತು. ಹೆಣ್ಣು ಒಪ್ಪಿಸುವ ಹಾಡು ನಡುವಿಗೆ ಬಂದು ಟಪ್ಪೆಂದು ನಿಂತಿತು.

"ಮುಂದೆ ಏನು ಚಿಕ್ಕಮ್ಮ?" ಅಂದಳು ಹುಡುಗಿ.

ನನಗೆ ಗೊತ್ತಿರಲಿಲ್ಲ. ಚಿಕ್ಕತ್ತೆ ಹೋಗಿ ಹತ್ತೊಂಬತ್ತು ವರ್ಷವಾಯಿತು. ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಅವರ ತವರಿನ ಕಡೆ ಹೋಗಿ ವಯಸ್ಸಾದ ನಾಲ್ಕಾರು ಹೆಂಗಸರನ್ನು ಕೇಳಿದೆ. ಒಬ್ಬರು ಬಹಳ ಹೊತ್ತು ಕಣ್ಣು ಮುಚ್ಚಿ ಕೂತು ಎರಡು ಸೊಲ್ಲು ಹೇಳಿದರು. ಇನ್ನೂ ಇದೆಯಂತೆ, ಅವರ ನಾದಿನಿಗೆ ಬರುತ್ತದಂತೆ. ದೀಪಾವಳಿ ರಜೆಯಲ್ಲಿ ಅಲ್ಲಿಗೆ ಹೋಗಬೇಕು.