ಅಭಿಮಾನಿಯ ಕೈಯಲ್ಲಿ ಹೋಮ್ಸ್
‘ಬೇರೆಯವರ ಪಾತ್ರ ಹಿಡಿದು ಬರೆಯುವುದೂ ಒಂದು ಬರವಣಿಗೆಯೇ?’ ಎಂದು ಮೂಗು ಮುರಿಯುವವರು ನಿಕೋಲಸ್ ಮೇಯರರ ‘ದಿ ಸೆವೆನ್ ಪರ್ಸೆಂಟ್ ಸೊಲ್ಯೂಷನ್’ (1974) ಕಾದಂಬರಿಯನ್ನು ಓದಬೇಕು. ಕಾನನ್ ಡಾಯ್ಲರು 1893ರಲ್ಲಿ ಷೆರ್ಲಾಕ್ ಹೋಮ್ಸನನ್ನು ಜಲಪಾತದಲ್ಲಿ ಮುಗಿಸಿದರು. ಓದುಗರು ಬಿಡಲಿಲ್ಲ, 1903ರಲ್ಲಿ ಬದುಕಿಸಿ ತರಬೇಕಾಯಿತು. ನಡುವಿನ ಮೂರು ವರ್ಷ ಅವನು ಟಿಬೆಟ್, ಪರ್ಷಿಯಾ ಎಂದು ಅಲೆದನೆಂಬ ಸಮಜಾಯಿಷಿ ನಮಗೆಂದೂ ರುಚಿಸಿರಲಿಲ್ಲ.

ಮೇಯರ್ ಕೈಯಿಟ್ಟದ್ದು ಆ ಸಂದಿಗೇ. ಮೂಲದಲ್ಲೇ ಇರುವ ಕೊಕೇನ್ ಚಟವನ್ನು ಮುಂದಿಟ್ಟು, ವಾಟ್ಸನ್ ಗೆಳೆಯನನ್ನು ಉಪಾಯದಿಂದ ವಿಯೆನ್ನಾದ ಡಾ. ಫ್ರಾಯ್ಡರ ಬಳಿಗೆ ಒಯ್ಯುತ್ತಾನೆ. ಕೇಡಿನ ಮೂರ್ತಿ ಮೊರಿಯಾರ್ಟಿ ಇಲ್ಲಿ ಬಡಪಾಯಿ ಗಣಿತದ ಮೇಷ್ಟರು! (ಶೇಕಡಾ ಏಳರ ದ್ರಾವಣವೆಂದರೆ ಪ್ರಯೋಗಶಾಲೆಯ ಸೀಸೆಯನ್ನಷ್ಟೇ ನೆನೆಯುತ್ತಿದ್ದ ಬಿ.ಎಸ್ಸಿ.ಯವರಾದ ನಮಗೆ ಮೈ ನಡುಗಿತು.) ಚಟ ಬಿಡಿಸುವ ಅಧ್ಯಾಯಗಳು ಅಭಿಮಾನವಿಲ್ಲದೆ ಬರೆಯಲಾಗದಂಥವು. ಉತ್ತರಾರ್ಧದ ರೈಲಿನ ಸಾಹಸ ಮಾತ್ರ ಸಿನಿಮಾಕ್ಕೆಂದೇ ಬರೆದಂತಿದೆ. ಹಾರಿಸಿ ಓದಿದರೂ ನಷ್ಟವಿಲ್ಲ.

ನಾವೂ ಕಚೇರಿ ಮುಗಿಸಿ ಬಂದ ರಾತ್ರಿಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಮುಂಬೈ ಲೋಕಲ್ ಹತ್ತಿಸಿ ಒಂದು ನೋಟುಪುಸ್ತಕ ತುಂಬಿಸಿದ್ದೆವು. ನಾಚಿಕೆಯಿಂದ ಯಾರಿಗೂ ತೋರಿಸಿರಲಿಲ್ಲ. ಈ ಪುಸ್ತಕ ಮುಗಿದ ಮೇಲೆ ಮಗಳ ಕೈಗೆ ಕೊಟ್ಟಿದ್ದೇವೆ. ಅಕ್ಷರ ಕೂಡಿಸಿಕೊಂಡು ಕನ್ನಡ ಓದುವವಳು. ಈಗ ಏಳನೆಯ ಪುಟದಲ್ಲಿದ್ದಾಳೆ.