ಹುಲಿ ಕೊಟ್ಟ ಮಾತು ಯಾವುದು? ‘ಗೋವಿನ ಹಾಡು’ ಮತ್ತು ದೇವರ ಸತ್ಯಸಂಧತೆ

ದೇವರ ಸತ್ಯಸಂಧತೆಯನ್ನು ಕನ್ನಡದಲ್ಲಿ ಬೋಧಿಸಲು ಹೊರಟ ಗುರುಗಳಿಗೂ ಉಪದೇಶಿಗಳಿಗೂ ‘ಗೋವಿನ ಹಾಡು’ ನೆನಪಾಗುವುದು ಸಹಜ. ಕರ್ತೃವಿನ ಹೆಸರು ತಿಳಿಯದ ಈ ಕಥನಗೀತೆ ತಲೆಮಾರುಗಳಿಂದ ಶಾಲೆಯ ಪಾಠವಾಗಿಯೂ ತಾಯಂದಿರ ಬಾಯಿಪಾಠವಾಗಿಯೂ ಉಳಿದುಬಂದಿದೆ. ಕೊಟ್ಟ ಮಾತಿಗೆ ತಪ್ಪದವರೆಂದರೆ ಕನ್ನಡಿಗರ ಮನಸ್ಸಿನಲ್ಲಿ ಮೊದಲು ಮೂಡುವ ರೂಪ ಪುಣ್ಯಕೋಟಿಯದು. ಆದ್ದರಿಂದಲೇ ಅದನ್ನು ದೈವಶಾಸ್ತ್ರದ ಉದಾಹರಣೆಯಾಗಿ ಬಳಸುವ ಮುನ್ನ ಕೃತಿಯಾಗಿ ಓದುವುದು ಅಗತ್ಯ.

ಈ ಎಚ್ಚರವನ್ನು ನನಗೆ ಕಲಿಸಿದ್ದು ಇಡಗುಂದಿ. ಅಲ್ಲಿ ಒಂದು ಸಂಜೆಯ ಪ್ರಾರ್ಥನಾಕೂಟದಲ್ಲಿ ಪುಣ್ಯಕೋಟಿಯ ಕಥೆ ಹೇಳಿ, ದೇವರೂ ಹೀಗೆಯೇ ಮಾತು ಉಳಿಸಿಕೊಳ್ಳುವವರು ಎಂದು ಮುಗಿಸಿದೆ. ಹಿರಿಯ ಹೆಂಗಸೊಬ್ಬರು ಕೇಳಿದರು: “ಆಕಳು ಮಾತು ಉಳಿಸ್ತು ಫಾದರ್. ಹುಲಿ ಎಂತ ಮಾತು ಕೊಟ್ಟಿತ್ತು?” ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಹಾಡನ್ನು ಮತ್ತೆ ಓದಿದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ಹಸಿದ ಅರ್ಬುತನ ಮುಂದೆ ಪುಣ್ಯಕೋಟಿ ಕರುವಿಗೆ ಹಾಲೂಡಿಸಿ ಬರುವೆನೆಂದು ಬೇಡುತ್ತಾಳೆ. ಸತ್ಯವನ್ನೇ ಹೆತ್ತವರ, ಬಂಧುಗಳ ಸ್ಥಾನದಲ್ಲಿಟ್ಟು ಪ್ರತಿಜ್ಞೆ ಮಾಡುತ್ತಾಳೆ. ಅರ್ಬುತನಾದರೋ ಯಾವ ಮಾತಿಗೂ ತನ್ನನ್ನು ಕಟ್ಟಿಕೊಳ್ಳುವುದಿಲ್ಲ. ಬಲಹೀನಳು ಭಾಷೆ ಕೊಡುತ್ತಾಳೆ, ಬಲಶಾಲಿ ಅದನ್ನು ಪರೀಕ್ಷಿಸುತ್ತಾನೆ. ಸತ್ಯದ ಹೊರೆಯೆಲ್ಲ ಒಂದೇ ಹೆಗಲ ಮೇಲೆ.

ಮಲೆನಾಡಿನ ಅರಣ್ಯದಂಚಿನಲ್ಲಿ ಬದುಕುವವರಿಗೆ ಈ ಏರ್ಪಾಟು ಕಥೆಯಷ್ಟೇ ಅಲ್ಲ. ಶತಮಾನಗಳಿಂದ ಈ ಜಿಲ್ಲೆಯ ಕಾಡಿನಲ್ಲಿದ್ದ ಸಿದ್ದಿಗಳು ಪರಿಶಿಷ್ಟ ಪಂಗಡವೆಂದು ಮಾನ್ಯರಾಗಲು 2003ರವರೆಗೆ ಕಾಯಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ, ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಕಾಗದವೇ ಇಲ್ಲದ ಕಾಲದಲ್ಲಿ ಬದುಕಿದ ಅಜ್ಜನ ಪರವಾಗಿ ಮೊಮ್ಮಗ ರುಜುವಾತು ಒದಗಿಸಬೇಕು. ಇಂಥವರ ಮುಂದೆ ಮಾತು ಉಳಿಸಿಕೊಳ್ಳುವ ಆಕಳನ್ನಷ್ಟೇ ಹೊಗಳಿದರೆ, ನಮ್ಮ ಪ್ರಬೋಧನೆ ಶುಭಸಂದೇಶವಾಗದೆ ಇನ್ನೊಂದು ಹೊರೆಯಾದೀತು.

ಪವಿತ್ರಗ್ರಂಥ ಈ ಏರ್ಪಾಟನ್ನು ತಿರುವಿಹಾಕುತ್ತದೆ. ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಸೀಳಿಟ್ಟ ಪ್ರಾಣಿಗಳ ನಡುವೆ ಹಾದುಹೋಗುವುದು ಹೊಗೆಯಾಡುವ ಒಲೆ, ಉರಿಯುವ ಪಂಜು. ಅವು ದೇವರ ಸಾನ್ನಿಧ್ಯದ ಗುರುತು. ಒಡಂಬಡಿಕೆ ಮುರಿದವನಿಗೆ ಈ ಪ್ರಾಣಿಗಳ ಗತಿಯೇ ಬರಲಿ ಎಂಬುದು ಆ ವಿಧಿಯ ಅರ್ಥ. ಅಬ್ರಾಮನು ಗಾಢನಿದ್ರೆಯಲ್ಲಿದ್ದಾನೆ, ಅವನನ್ನು ನಡೆಯಲು ಕರೆಯುವುದೇ ಇಲ್ಲ. ಇಲ್ಲಿ ಬಲಶಾಲಿಯೇ ಮಾತಿಗೆ ಕಟ್ಟುಬೀಳುತ್ತಾರೆ. ತಮಗಿಂತ ದೊಡ್ಡವರಿಲ್ಲದ ಕಾರಣ ದೇವರು ತಮ್ಮ ಮೇಲೆಯೇ ಆಣೆಯಿಟ್ಟರೆಂದು ಹಿಬ್ರಿಯರಿಗೆ ಬರೆದ ಪತ್ರ ವಿವರಿಸುತ್ತದೆ. ಮೋಸಹೋಗಲಾರದ, ಮೋಸಮಾಡಲಾರದ ದೇವರ ಅಧಿಕಾರವೇ ವಿಶ್ವಾಸದ ಆಧಾರವೆಂದು ಪ್ರಥಮ ವ್ಯಾಟಿಕನ್ ಮಹಾಸಭೆ 1870ರಲ್ಲಿ ಸಾರಿದ್ದರ ಬೇರು ಇಲ್ಲಿದೆ. ನಮ್ಮ ವಿಶ್ವಾಸ ನಿಂತಿರುವುದು ನಮ್ಮ ಪ್ರಾಮಾಣಿಕತೆಯ ಮೇಲಲ್ಲ.

ಹಾಡಿನ ನಿಜವಾದ ನೋವು ಕರುವಿನದು. ಎಸ್.ಎಲ್. ಭೈರಪ್ಪನವರು ‘ತಬ್ಬಲಿಯು ನೀನಾದೆ ಮಗನೆ’ ಎಂಬ ಕಾದಂಬರಿಗೆ ಹೆಸರನ್ನು ಆಯ್ದುಕೊಂಡದ್ದು ಹುಲಿಯ ಮುಂದಿನ ಪ್ರತಿಜ್ಞೆಯಿಂದಲ್ಲ, ಕರುವಿಗೆ ತಾಯಿ ಆಡುವ ಮಾತಿನಿಂದ. ಸತ್ಯ ಉಳಿಯಬೇಕಾದರೆ ಮಗು ತಬ್ಬಲಿಯಾಗಬೇಕು. ವಿಮೋಚನಾಕಾಂಡದ 34ನೆಯ ಅಧ್ಯಾಯದಲ್ಲಿ ದೇವರು ತಮ್ಮ ಹೆಸರನ್ನು ಸಾರುವಾಗ ‘ಹೆಸೆದ್’ ಮತ್ತು ‘ಎಮೆತ್’, ಎಂದರೆ ಅಚಲಪ್ರೀತಿ ಮತ್ತು ಸತ್ಯತೆ, ಜೊತೆಜೊತೆಯಾಗಿ ಬರುತ್ತವೆ. ದೇವರು ಸತ್ಯವಂತರಾಗಿರುವುದು ಮಕ್ಕಳನ್ನು ಬಿಟ್ಟುಕೊಟ್ಟಲ್ಲ. ಹಾಗಿದ್ದರೂ ಪುಣ್ಯಕೋಟಿ ಕರುವನ್ನು ತನ್ನ ಒಡನಾಡಿ ಹಸುಗಳ ಕೈಗೊಪ್ಪಿಸುವ ಭಾಗದಲ್ಲಿ ಹಾಡು ಈ ಸತ್ಯವನ್ನು ಮುಟ್ಟುತ್ತದೆ: ಒಬ್ಬಳ ಮಾತು ಉಳಿಯಲು ಇಡೀ ಹಿಂಡು ಹೊಣೆ ಹೊರಬೇಕು.

ಕೊನೆಯ ಭೇದ ಇನ್ನೂ ಆಳವಾದುದು. ಆಕಳ ಸತ್ಯಕ್ಕೆ ನಾಚಿದ ಅರ್ಬುತ ನೆಗೆದು ಪ್ರಾಣ ಬಿಡುತ್ತಾನೆ. ಪಶ್ಚಾತ್ತಾಪಪಟ್ಟವನು ಬದುಕುವ ದಾರಿ ಹಾಡಿನಲ್ಲಿಲ್ಲ. ಮಾರ್ಕನ ಶುಭಸಂದೇಶದಲ್ಲಿ ಯೇಸು ತಾವು ಎದ್ದ ಮೇಲೆ ಶಿಷ್ಯರಿಗಿಂತ ಮುಂದಾಗಿ ಗಲಿಲೇಯಕ್ಕೆ ಹೋಗುವುದಾಗಿ ಹೇಳುತ್ತಾರೆ. ಎಂದಿಗೂ ಕೈಬಿಡೆನೆಂದ ಪೇತ್ರ ಅದೇ ರಾತ್ರಿ ಮಾತು ತಪ್ಪುತ್ತಾನೆ. ಬರಿದಾದ ಸಮಾಧಿಯಲ್ಲಿ ಸ್ತ್ರೀಯರಿಗೆ ದೊರೆತ ಸಂದೇಶ ಅದೇ ಮಾತನ್ನು ನೆನಪಿಸುತ್ತದೆ, ಪೇತ್ರನನ್ನು ಹೆಸರುಗೊಂಡೇ ಕರೆಯುತ್ತದೆ. ನಾವು ಅವಿಶ್ವಾಸಿಗಳಾದರೂ ಅವರು ವಿಶ್ವಾಸಾರ್ಹರಾಗಿಯೇ ಉಳಿಯುತ್ತಾರೆ ಎಂಬ ಪೌಲನ ಬೋಧೆಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇಷ್ಟು ಹೇಳಿದ ಮೇಲೂ ಇಡಗುಂದಿಯ ಪ್ರಶ್ನೆ ಮುಗಿಯದು. ಹಕ್ಕುಪತ್ರ ತಪ್ಪದೆ ಕೈಸೇರುವುದೆಂದು ದೇವರ ಹೆಸರಿನಲ್ಲಿ ಭರವಸೆ ಕೊಡುವ ಅಧಿಕಾರ ಯಾವ ಗುರುವಿಗೂ ಇಲ್ಲ. ವಾಗ್ದಾನದ ಫಲ ಕೈಸೇರದೆಯೇ ವಿಶ್ವಾಸದಲ್ಲಿ ಮಡಿದವರನ್ನು ಹಿಬ್ರಿಯರ ಪತ್ರವೇ ಹೆಸರಿಸುತ್ತದೆ. ಆದರೆ ಸುಮ್ಮನಿರುವ ಅಧಿಕಾರವೂ ನಮಗಿಲ್ಲ. ದೇವರು ತಾವೇ ಮಾತಿಗೆ ಕಟ್ಟುಬಿದ್ದರೆಂದು ಸಾರುವ ಧರ್ಮಸಭೆ, ಬಲವುಳ್ಳವರನ್ನು “ನೀವು ಕೊಟ್ಟ ಮಾತೇನಾಯಿತು?” ಎಂದು ಕೇಳಬೇಕು. ತಾನು ಬಲವುಳ್ಳದ್ದಾಗಿರುವ ಕಡೆ ಆ ಪ್ರಶ್ನೆಯನ್ನು ಮೊದಲು ತನಗೇ ಹಾಕಿಕೊಳ್ಳಬೇಕು. ಪುಣ್ಯಕೋಟಿಯ ಕಥೆಯನ್ನು ನಾನು ಈಗಲೂ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಆ ಅಮ್ಮನ ಪ್ರಶ್ನೆಯನ್ನೂ ಕೇಳುತ್ತೇನೆ.